ಇಂಗು ತಿಂದ ಕುದುರೆ, ಸುಟ್ಟ ಎಲುಬು

ರಾಯಚೂರಿನಿಂದ ಮಾತಾಡ್ತಿದ್ದೀನಿ. ಮೈಕಿಗೆ ಸದ್ದು ಬರ್ತದಂತ ಫ್ಯಾನ್ ಬಂದ್ ಮಾಡಿ ಕೂತೀನಿ, ನಡುನಡುವೆ ನೀರು ಕುಡಿಯೋ ಸಪ್ಪಳ ಕೇಳಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ಈ ಸಂಚಿಕೆಯ ವಿಷಯ ಯಹೂದಿಗಳ ಇತಿಹಾಸ. ಹಿಟ್ಲರ್ ಕಾಲದ್ದಲ್ಲ, ಇವತ್ತಿನ ಇಸ್ರೇಲ್–ಪ್ಯಾಲೆಸ್ಟೈನ್ ಜಗಳದ್ದೂ ಅಲ್ಲ. ಅದಕ್ಕೂ ಬಹಳ ಹಿಂದಿನದು, ಸುಮಾರು 1490ರಿಂದ 1660ರವರೆಗಿನದು. ಹೀಗೊಂದು ಸಂಚಿಕೆ ಮಾಡ್ತೀನಿ ಅಂದಾಗ ದೇವದುರ್ಗದ ಗೆಳೆಯ ಒಬ್ಬ ನಕ್ಕುಬಿಟ್ಟ. "ನಮ್ಮ ಜಿಲ್ಲಾದಾಗ ಒಬ್ಬರರ ಯಹೂದಿ ಅದಾರೇನಲೇ? ಯಾರಿಗೆ ಬೇಕಾಗ್ಯದ ಇದು?" ಅಂದ. ಪ್ರಶ್ನೆ ಸರಿಯಾಗೇ ಇದೆ. ಮಾನ್ವಿ, ದೇವದುರ್ಗ, ಸಿಂಧನೂರು ಎಲ್ಲ ತಿರುಗಿದ್ರೂ ಒಂದು ಸಿನಗಾಗ್ ಸಿಗೋದಿಲ್ಲ. ಆದ್ರೆ ಆ ಕಾಲದ ಯಹೂದಿಗಳ ಕಥೆ ನಮ್ಮ ಬಾಗಿಲ ತನಕ ಬಂದು ಹೋಗಿದೆ. ಯಾವ ದಾರಿಯಿಂದ ಬಂತು ಅನ್ನೋದಕ್ಕೆ ಮೊದಲು ನಮ್ಮ ರಾಯಚೂರು ಕೋಟೆಯಿಂದಲೇ ಶುರು ಮಾಡೋಣ.

1520ರ ರಾಯಚೂರು ಯುದ್ಧ ಶಾಲೆಯಲ್ಲಿ ಓದಿರ್ತೀರಿ. ಕೃಷ್ಣದೇವರಾಯ ಗೆದ್ದ, ಇಸ್ಮಾಯಿಲ್ ಆದಿಲ್ ಶಾ ಸೋತ, ಎರಡು ಮಾರ್ಕು. ನಾನು ಬಿ.ಕಾಂ. ಓದಿದವನು, ಹಂಗಾಗಿ ನನಗೆ ಇದರಲ್ಲಿ ಹಿಡಿಸಿದ್ದು ಬೇರೆ. ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟ ಪ್ರಕಾರ ಯುದ್ಧದ ನೆಪ ಒಂದು ಮುಂಗಡ ಹಣ. ಗೋವಾದಲ್ಲಿ ಕುದುರೆ ಕೊಂಡು ಬಾ ಅಂತ ರಾಯರು ಸಯ್ಯದ್ ಮರೈಕಾರ್ ಅನ್ನೋ ವ್ಯಾಪಾರಿಯ ಕೈಗೆ 40,000 ಪರ್ದಾವ್, ಅಂದ್ರೆ ನಮ್ಮ ವರಹದ ಲೆಕ್ಕದ ನಾಣ್ಯ, ಕೊಟ್ಟು ಕಳಿಸಿದ್ರಂತೆ. ಆತ ಫೋಂಡಾ ತನಕ ಹೋಗಿ, ಹಣದ ಸಮೇತ ಆದಿಲ್ ಶಾನ ಆಸರೆ ಸೇರಿಬಿಟ್ಟ. ರಾಯರು ಆಸಾಮಿನ್ನ ಕೊಡು, ಹಣ ಕೊಡು ಅಂತ ಪತ್ರ ಬರೆದ್ರು, ಆದಿಲ್ ಶಾ ಕೊಡಲಿಲ್ಲ. ಉದ್ರಿ ವಸೂಲಿಗೆ ಇಷ್ಟು ದೊಡ್ಡ ದಂಡು ಹೊರಟಿದ್ದು ಬೇರೆಲ್ಲಾದ್ರೂ ಇದೆಯೋ ಇಲ್ವೋ! ದೋಆಬ್ ಮೇಲೆ ಎರಡೂ ಕಡೆಯವರ ಕಣ್ಣು ಮೊದಲಿಂದಲೂ ಇತ್ತು, ಅದು ಬೇರೆ ಮಾತು. ಅಂದಹಾಗೆ ಬಿಜಾಪುರದ ಕಡೆಯಿಂದ ಬರೆದ ಫೆರಿಶ್ತಾ ಈ ಸಾಲದ ಕಥೆ ಹಿಡ್ಕೊಂಡು ಕೂರೋದಿಲ್ಲ. ಅವನ ಪ್ರಕಾರ ಇಸ್ಮಾಯಿಲ್ ಕುಡಿದ ಅಮಲಿನಲ್ಲಿ ಕೃಷ್ಣೆ ದಾಟೋಕೆ ಆತುರ ಮಾಡಿ ಕೆಟ್ಟ. ಒಂದೇ ಯುದ್ಧ, ಇಬ್ಬರು ಬರೆದವರು, ಎರಡು ಕಾರಣ. ಇದನ್ನ ಸ್ವಲ್ಪ ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದೆ.

ಆ ಕೋಟೆ ಬಿದ್ದಾಗ ಗೋಡೆ ಮೇಲಿನ ಕಾವಲುಗಾರರನ್ನ ಕೋವಿಯಿಂದ ಹೊಡೆದು ಕೆಡವಿದವರು ಕ್ರಿಸ್ತೋವಾವ್ ದ ಫಿಗೆರೆದು ಮತ್ತು ಅವನ ಜೊತೆ ಬಂದ 20 ಜನ ಪೋರ್ಚುಗೀಸರು. ಆತನೂ ಕುದುರೆ ಮಾರೋಕೆ ಬಂದವನೇ. ಆದಿಲ್ ಶಾನ ಕಡೆಗೂ ಪೋರ್ಚುಗೀಸರ ಪಡೆ ಬಿಟ್ಟು ಓಡಿ ಬಂದ ಮಂದಿ ಇದ್ರು. ಅಂದ್ರೆ 1520ರ ರಾಯಚೂರು ಒಂದು ಮೂಲೆಯ ಊರಾಗಿರಲಿಲ್ಲ. ಲಿಸ್ಬನ್‌ನಲ್ಲಿ ಏನಾದ್ರೂ ಆದ್ರೆ ಅದರ ಬಿಸಿ ಗೋವಾಕ್ಕೆ ತಟ್ಟೋದು, ಗೋವಾದಿಂದ ಕುದುರೆ ಹಾದಿ ಹಿಡಿದು ಇಲ್ಲಿಗೆ ಬರೋದು.

ಹಂಗಾದ್ರೆ ಲಿಸ್ಬನ್‌ನಲ್ಲಿ ಏನಾಗಿತ್ತು?

1492ರ ಮಾರ್ಚ್ 31ಕ್ಕೆ ಸ್ಪೇನಿನ ರಾಜ–ರಾಣಿ ಫರ್ಡಿನಾಂಡ್, ಇಸಬೆಲ್ಲಾ ಒಂದು ಆಜ್ಞೆ ಹೊರಡಿಸಿದ್ರು: ಯಹೂದಿಗಳು ಕ್ರೈಸ್ತರಾಗಬೇಕು, ಇಲ್ಲಾಂದ್ರೆ ದೇಶ ಬಿಡಬೇಕು. ನಾಲ್ಕು ತಿಂಗಳ ಗಡುವು. ಶತಮಾನಗಳಿಂದ ಅಲ್ಲೇ ಹುಟ್ಟಿ, ಅಲ್ಲೇ ಸತ್ತು, ಅಲ್ಲಿನ ಭಾಷೆಯನ್ನೇ ಮಾತಾಡಿದ ಜನ. ಬಹಳಷ್ಟು ಮಂದಿ ಗಡಿ ದಾಟಿ ಪಕ್ಕದ ಪೋರ್ಚುಗಲ್ ಸೇರಿದ್ರು. ಐದು ವರ್ಷ ಕಳೆಯೋದ್ರೊಳಗೆ, 1497ರಲ್ಲಿ, ಪೋರ್ಚುಗಲ್ ರಾಜ ಮನುಯೆಲ್ ಇವರನ್ನ ಓಡಿಸಲೂ ಇಲ್ಲ, ಇರೋಕೂ ಬಿಡಲಿಲ್ಲ. ಹಿಡಿದು ದೀಕ್ಷಾಸ್ನಾನ ಮಾಡಿಸಿಬಿಟ್ಟ. ರಾತ್ರೋರಾತ್ರಿ ಎಲ್ಲರೂ 'ಹೊಸ ಕ್ರೈಸ್ತರು'.

ಕಥೆ ಇಲ್ಲಿಗೆ ಮುಗೀಬೇಕಿತ್ತಲ್ರೀ? ಏನು ಆಗು ಅಂದ್ರೋ ಅದು ಆದ್ರು. ಆದ್ರೆ ಸ್ಪೇನಿನ ಟೊಲೆಡೊ ನಗರದಲ್ಲಿ 1449ರಷ್ಟು ಹಿಂದೆಯೇ ಒಂದು ನಿಯಮ ಬಂದಿತ್ತು: ಯಹೂದಿ ಮೂಲದವರು ಎಷ್ಟೇ ಒಳ್ಳೆ ಕ್ರೈಸ್ತರಾಗಿದ್ರೂ ನಗರದ ಹುದ್ದೆಗಳಿಗೆ ಲಾಯಕ್ಕಿಲ್ಲ. ಯಾಕೆ? ರಕ್ತ ಶುದ್ಧ ಇಲ್ಲ. 'ರಕ್ತಶುದ್ಧಿ' ಅನ್ನೋ ಈ ಲೆಕ್ಕ ಮುಂದೆ ಮಠ, ವಿಶ್ವವಿದ್ಯಾಲಯ, ಸರಕಾರಿ ಕೆಲಸ ಎಲ್ಲಕ್ಕೂ ಹರಡಿತು. ಕೆಲಸಕ್ಕೆ ಅರ್ಜಿ ಹಾಕಿದವನ ಅಜ್ಜನ ಊರಿಗೆ ಹೋಗಿ, ಮುದುಕರನ್ನ ಕೂರಿಸಿ, "ಇವನ ಅಜ್ಜ ಯಾರು, ಅಜ್ಜಿ ಯಾವ ಪೈಕಿ" ಅಂತ ಸಾಕ್ಷಿ ಬರೆಸ್ಕೊಂಡು ಬರೋರು. ಇನ್ನೊಂದು ಮಾತು. 'ಕಾಸ್ಟ್' ಅನ್ನೋ ಇಂಗ್ಲಿಷ್ ಪದ ಬಂದಿದ್ದು ಪೋರ್ಚುಗೀಸರ 'ಕಾಸ್ತಾ'ದಿಂದ. ವಂಶ, ತಳಿ ಅನ್ನೋ ಅರ್ಥದ ಪದವದು. ತಮ್ಮೂರಲ್ಲಿ ರಕ್ತದ ಲೆಕ್ಕ ನೋಡ್ತಿದ್ದವರು ಹಡಗು ಹತ್ತಿ ಇಲ್ಲಿಗೆ ಬಂದು, ನಮ್ಮ ಜಾತಿ ನೋಡಿ, ತಮ್ಮ ಹತ್ರ ಇದ್ದ ಪದವನ್ನೇ ಅಂಟಿಸಿದ್ರು. ಗುರುತು ಹಿಡಿಯೋಕೆ ಅವರಿಗೆ ಕಷ್ಟವೇ ಆಗಲಿಲ್ಲ ಅಂತ ನನಗನ್ನಿಸ್ತದೆ.

ಈ ಕಥೆಯಿಂದ ನಮ್ಮ ಕಡಲಿಗೆ ಬಂದು ಸಿಕ್ಕಿಬಿದ್ದ ಮೊದಲನೇ ಆಸಾಮಿ ಬಹಳ ಮಜಾ ಇದ್ದಾನೆ. 1498, ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ವಾಪಸ್ ಹೊರಟು ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಿದ್ದ. ಆಡಳಿತಕ್ಕೆ ಗೋವಾದ್ದಾದ್ರೂ ಅಂಜದೀವ ಇರೋದು ನಮ್ಮ ಕಾರವಾರದ ಎದುರಿಗೆ. ಅಲ್ಲಿಗೆ ಸುಮಾರು ನಲವತ್ತು ವರ್ಷದ ಒಬ್ಬ ಮನುಷ್ಯ ಬಂದ. ವೆನಿಸ್ ಭಾಷೆ ಚೆನ್ನಾಗಿ ಆಡ್ತಾನೆ, ನಾನು ಒಳಗಿನಿಂದ ಕ್ರೈಸ್ತನೇ, ಜೀವ ಉಳಿಸ್ಕೊಳ್ಳೋಕೆ ಮುಸ್ಲಿಂ ಆದೆ ಅಂತಾನೆ, 40,000 ಸವಾರರಿರೋ ಒಡೆಯನ ಹತ್ರ ನೌಕರಿ ಮಾಡ್ತೀನಿ ಅಂತಾನೆ. ಗಾಮನ ಮಂದಿಗೆ ಸಂಶಯ ಬಂತು, ಹಿಡಿದು ಹೊಡೆದು ಕೇಳಿದ್ರು, ಗೂಢಚಾರ ಅಂತ ಬಾಯಿ ಬಿಡಿಸಿದ್ರು. ಕೊನೆಗೆ ತಿಳಿದಿದ್ದು: ಆತ ಯಹೂದಿ. ಹುಟ್ಟೂರು ಒಬ್ಬರು ಅಲೆಕ್ಸಾಂಡ್ರಿಯಾ ಅಂತಾರೆ, ಇನ್ನೊಬ್ಬರು ಅವನ ಮನೆತನ ಪೋಲೆಂಡಿನ ಪೋಜ್ನಾನ್‌ನದು ಅಂತಾರೆ. ಅವನ ಒಡೆಯನನ್ನ ಪೋರ್ಚುಗೀಸರು ಸಬಾಯೊ ಅಂತ ಕರೀತಿದ್ರು. ಅದು ಬಿಜಾಪುರದ ಯೂಸುಫ್ ಆದಿಲ್ ಖಾನ್ ಅನ್ನೋದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಯಾರವನು? ರಾಯಚೂರು ಯುದ್ಧದಲ್ಲಿ ಸೋತ ಇಸ್ಮಾಯಿಲ್‌ನ ಅಪ್ಪ.

ಈಗ ಹೇಳ್ರಿ, ನಮ್ಮ ಬಾಗಿಲ ತನಕ ಬಂದಿದೆ ಅಂದಿದ್ದು ಸುಳ್ಳಾ?

ಆ ಮನುಷ್ಯನನ್ನ ಲಿಸ್ಬನ್‌ಗೆ ಒಯ್ದು, ದೀಕ್ಷೆ ಕೊಟ್ಟು, ಗಾಸ್ಪರ್ ದ ಗಾಮ ಅಂತ ಹೆಸರಿಟ್ರು. ಹಿಡಿದವನದೇ ಮನೆತನದ ಹೆಸರು, ನೋಡ್ರಿ. 1500ರಲ್ಲಿ ಕಬ್ರಾಲ್‌ನ ಹಡಗಿನಲ್ಲಿ ಬ್ರೆಜಿಲ್ ಕರಾವಳಿಗೂ ಹೋಗಿ ಬಂದ. ಯಹೂದಿ, ಮುಸ್ಲಿಂ, ಕ್ರೈಸ್ತ — ಒಂದೇ ಜನ್ಮದಲ್ಲಿ ಮೂರು. ಅವನು ನಿಜವಾಗಿ ಏನಾಗಿದ್ದ ಅಂತ ಕೇಳೋದು ನನಗೆ ಬೇಡ ಅನ್ನಿಸ್ತದೆ. ಎದುರಿಗಿದ್ದವನ ಕೈಯಲ್ಲಿ ಚಾವಟಿ ಇದ್ದಾಗ ಕೊಟ್ಟ ಉತ್ತರ ಅದು.

ಎರಡನೇ ಮನುಷ್ಯನ ಹತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಗಾರ್ಸಿಯಾ ದ ಓರ್ತ. ಅಪ್ಪ ಅಮ್ಮ ಸ್ಪೇನ್ ಬಿಟ್ಟು ಬಂದ ಯಹೂದಿಗಳು, 1497ರಲ್ಲಿ ಕ್ರೈಸ್ತರಾದವರು. ಮಗ ಹುಟ್ಟಿದ್ದು 1501ರ ಸುಮಾರಿಗೆ, ಗಡಿಯ ಕಾಸ್ತೆಲೊ ದ ವೀದ್ ಊರಲ್ಲಿ. ಅಂದ್ರೆ ಹುಟ್ಟಿದಾರಭ್ಯ ಕ್ರೈಸ್ತನೇ. ವೈದ್ಯಕೀಯ ಓದಿ, ಲಿಸ್ಬನ್‌ನಲ್ಲಿ ಪಾಠ ಹೇಳಿ, 1534ರಲ್ಲಿ ಗೋವಾಕ್ಕೆ ಬಂದ. ಮೂವತ್ತು ವರ್ಷಕ್ಕೂ ಹೆಚ್ಚು ಇಲ್ಲೇ ಇದ್ದ. ಗವರ್ನರುಗಳಿಗೆ ವೈದ್ಯ, ಅಹ್ಮದ್‌ನಗರದ ಬುರ್ಹಾನ್ ನಿಜಾಮ್ ಶಾನಿಗೂ ವೈದ್ಯ.

1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕ 'ಕೊಲೊಕಿಯುಸ್', ಅಂದ್ರೆ ಸಂವಾದಗಳು. ಹಿಂದೂಸ್ತಾನದ ಔಷಧಿ, ಗಿಡಮೂಲಿಕೆ, ಮಸಾಲೆ, ಹಣ್ಣು, ವಜ್ರ, ಎಲ್ಲದರ ಬಗ್ಗೆ ಇಬ್ಬರು ಕೂತು ಮಾತಾಡಿದ ಹಾಗೆ ಬರೆದಿದ್ದಾನೆ. ಒಂಥರಾ ಆ ಕಾಲದ ಪಾಡ್‌ಕಾಸ್ಟ್ ಅನ್ರಿ. ಕಾಲರಾ ರೋಗ ಹೇಗೆ ಬರ್ತದೆ, ರೋಗಿ ಹೇಗೆ ಕಾಣ್ತಾನೆ ಅಂತ ಯುರೋಪಿನವರಿಗೆ ಮೊದಲು ವಿವರವಾಗಿ ಹೇಳಿದವರಲ್ಲಿ ಇವನೊಬ್ಬ. ಹಳೇ ಗ್ರೀಕ್ ಪಂಡಿತರು ಹೇಳಿದ್ದು ತಪ್ಪು, ನಾನು ಕಣ್ಣಾರೆ ಕಂಡಿದ್ದು ಇದು, ಅಂತ ಧೈರ್ಯವಾಗಿ ಬರೀತಾನೆ. ನನಗೆ ಬಹಳ ಇಷ್ಟವಾದದ್ದು ಇಂಗಿನ ಅಧ್ಯಾಯ. ಅವನೂ ಹೆಚ್ಚುಕಡಿಮೆ 'ಇಂಗು' ಅಂತಲೇ ಬರೆದಿದ್ದಾನೆ. ವಿಜಯನಗರದಲ್ಲಿ ಒಬ್ಬ ಪೋರ್ಚುಗೀಸನ ಹತ್ರ ಬೆಲೆಬಾಳೋ ಕುದುರೆ ಇತ್ತಂತೆ. ಆದ್ರೆ ಅದಕ್ಕೆ ಹೊಟ್ಟೆಯುಬ್ಬರ, ಒಂದೇ ಸಮ ವಾಯು ಬಿಡ್ತಿತ್ತು. ರಾಜ ಬೇಡ ಅಂದ. ಪೋರ್ಚುಗೀಸ ಹಿಟ್ಟಿನ ಜೊತೆ ಇಂಗು ಕಲಸಿ ತಿನ್ನಿಸಿ ಕುದುರೆ ಗುಣ ಮಾಡಿ, ಒಳ್ಳೆ ಬೆಲೆಗೆ ರಾಜನಿಗೇ ಮಾರಿದ. ಏನು ಕೊಟ್ಟಿ ಅಂತ ರಾಜ ಕೇಳಿದ್ದಕ್ಕೆ ಇಂಗು ಅಂದ. ದೇವರ ಊಟ ಕೊಟ್ಟೀಯಲ್ಲ, ಗುಣ ಆಗದೇ ಇರ್ತದಾ, ಅಂದನಂತೆ ರಾಜ. ದೇವರದಲ್ಲ, ದೆವ್ವದ್ದು, ಅಂತ ಪೋರ್ಚುಗೀಸ ತನ್ನ ಭಾಷೆಯಲ್ಲಿ ಮೆಲ್ಲಗೆ ಗೊಣಗಿದ. ನಮ್ಮ ಕಡೆ ಒಗ್ಗರಣೆಗೆ ಇಂಗು ಬಿದ್ದಾಗಲೆಲ್ಲ ಈಗ ನನಗೆ ಆ ಕುದುರೆ ನೆನಪಾಗ್ತದೆ.

ಇಂಥ ಬಾಯ್ತುಂಬ ಮಾತಾಡೋ ಮನುಷ್ಯ ಇಡೀ ಪುಸ್ತಕದಲ್ಲಿ ತಾನು ಯಾರ ಪೈಕಿ ಅನ್ನೋದನ್ನ ಒಂದು ಅಕ್ಷರ ಹೇಳೋದಿಲ್ಲ.

ಯಾಕೆ ಅನ್ನೋದಕ್ಕೆ ಕಾರಣ ಮನೆಯಲ್ಲೇ ಇತ್ತು. 1540ರ ದಶಕದಲ್ಲಿ ಅವನ ಅಕ್ಕತಂಗಿಯರನ್ನ ಲಿಸ್ಬನ್‌ನಲ್ಲಿ ಇನ್‌ಕ್ವಿಸಿಶನ್ನಿನವರು ಹಿಡಿದಿದ್ರು. ಬಿಡುಗಡೆಯಾದ ಮೇಲೆ ತಾಯಿಯ ಜೊತೆ ಗೋವಾಕ್ಕೆ ಬಂದು ಅಣ್ಣನ ಆಸರೆ ಸೇರಿದ್ರು. ಆದ್ರೆ 1560ರಲ್ಲಿ ಗೋವಾಕ್ಕೂ ಅದೇ ನ್ಯಾಯಪೀಠ ಬಂತು. ಇಲ್ಲಿಗೊಂದು ಬೇಕು ಅಂತ 1546ರಲ್ಲೇ ಫ್ರಾನ್ಸಿಸ್ ಜೇವಿಯರ್ ರಾಜನಿಗೆ ಪತ್ರ ಬರೆದಿದ್ದ. ಗಾರ್ಸಿಯಾ 1568ರಲ್ಲಿ ತೀರಿಕೊಂಡ, ಮರ್ಯಾದೆಯಿಂದಲೇ ಮಣ್ಣಾದ. ಅದೇ ವರ್ಷ ತಂಗಿ ಕತರೀನಾಳನ್ನ ಬಂಧಿಸಿದ್ರು. 1569ರ ಅಕ್ಟೋಬರದಲ್ಲಿ, ಗುಟ್ಟಾಗಿ ಯಹೂದಿ ಧರ್ಮ ನಡೆಸ್ತಾಳೆ ಅನ್ನೋ ಆರೋಪಕ್ಕೆ, ಗೋವಾದಲ್ಲಿ ಆಕೆಯನ್ನ ಸುಟ್ಟರು. ವಿಚಾರಣೆಯಲ್ಲಿ ಮನೆಯವರ ಬಾಯಿಂದ ಅಣ್ಣನ ಹೆಸರೂ ಹೊರಗೆ ಬಂದಿತ್ತು: ಮೋಶೆಯ ಧರ್ಮವೇ ನಿಜ ಅಂತ ಆತ ನಂಬಿದ್ದ. ಹನ್ನೆರಡು ವರ್ಷ ಸತ್ತು ಮಲಗಿದ್ದವನ ಎಲುಬನ್ನ 1580ರ ಡಿಸೆಂಬರದಲ್ಲಿ ಅಗೆದು ತೆಗೆದು ಸುಟ್ಟುಹಾಕಿದ್ರು.

ಈಗ ಆ ನೂನಿಜ್, ಫೆರಿಶ್ತಾ ನೆನಪಿದೆಯಾ? ಒಂದು ಯುದ್ಧಕ್ಕೆ ಇಬ್ಬರು ಬರೆದವರಿದ್ರು, ತೂಗಿ ನೋಡಬಹುದಿತ್ತು. ಕತರೀನಾಳ ವಿಷಯದಲ್ಲಿ ಅದೂ ಇಲ್ಲ. ಆಕೆ ಏನು ಅಂದಳು ಅನ್ನೋದು ನಮಗೆ ಗೊತ್ತಿರೋದು ಆಕೆಯನ್ನ ಸುಟ್ಟವರ ಗುಮಾಸ್ತ ಬರೆದ ಕಾಗದದಿಂದ. ಗೋವಾ ಪೀಠದ ಕಡತಗಳು ಬಹುಪಾಲು ನಾಶವಾಗಿವೆ. ಅಣ್ಣ–ತಂಗಿಯ ಈ ಸಂಗತಿ ಲಿಸ್ಬನ್ ಕಡೆ ಉಳಿದ ದಾಖಲೆಗಳಿಂದ 1930ರ ದಶಕದಲ್ಲಿ ಹೊರಬಿತ್ತು. ಅಂದ್ರೆ ಮುನ್ನೂರೈವತ್ತು ವರ್ಷ ಜಗತ್ತು ಗಾರ್ಸಿಯಾನನ್ನ ದೊಡ್ಡ ಪೋರ್ಚುಗೀಸ್ ವೈದ್ಯ ಅಂತಷ್ಟೇ ಹೊಗಳ್ತಿತ್ತು. ಆತ ಯಹೂದಿಯಾಗಿ ಬದುಕಿದ್ನಾ, ಅಥವಾ ಭಯಕ್ಕೆ ಮನೆಯವರು ಹಾಗಂದ್ರಾ? ಅಂಜದೀವದ ಗಾಸ್ಪರ್ ವಿಷಯದ್ದೇ ಪ್ರಶ್ನೆ. ಲೆಕ್ಕಪತ್ರ ಓದಿದವನಾಗಿ ಹೇಳ್ತೀನಿ, ಒಬ್ಬನೇ ಬರೆದ, ಎದುರು ಪಾರ್ಟಿ ಸಹಿ ಇಲ್ಲದ ಖಾತೆಯನ್ನ ಯಾರೂ ಪಾಸ್ ಮಾಡೋದಿಲ್ಲ. ಇತಿಹಾಸದಲ್ಲಿ ಮಾತ್ರ ಎಷ್ಟೋ ಸಲ ಅದೊಂದೇ ಖಾತೆ ಉಳಿದಿರ್ತದೆ.

ಮತ್ತೆ ಆ ಖಾತೆಯಲ್ಲಿ ಏನೇನು ಬರೀತಿದ್ರು ಗೊತ್ತಾ? ಅಡುಗೆಮನೆ. ಶನಿವಾರ ಮಡಿ ಅಂಗಿ ಹಾಕ್ಕೊಂಡಳಾ, ಶುಕ್ರವಾರ ಸಂಜೆ ದೀಪ ಮೊದಲೇ ಹಚ್ಚಿದಳಾ, ಹಂದಿಮಾಂಸ ಬೇಡ ಅಂದಳಾ. ಇವೆಲ್ಲ ಸಾಕ್ಷಿ. ಸಾಕ್ಷಿ ಹೇಳೋರು ಮನೆಗೆಲಸದವರು, ಪಕ್ಕದ ಮನೆಯವರು. ಗೋವಾದಲ್ಲಿ ಯಹೂದಿ ಮೂಲದವರ ಬೇಟೆ ತಣ್ಣಗಾದ ಮೇಲೆ ಇದೇ ಯಂತ್ರ ಹಿಂದೂ ಮೂಲದ ಕೊಂಕಣಿ ಕ್ರೈಸ್ತರ ಕಡೆ ತಿರುಗಿತು. 1736ರ ಒಂದು ಆಜ್ಞೆಯಲ್ಲಿ ಉಪ್ಪು ಹಾಕದೆ ಅನ್ನ ಮಾಡೋದು, ತುಳಸಿ ನೆಡೋದು ಕೂಡ ನಿಷೇಧದ ಪಟ್ಟಿಯಲ್ಲಿದೆ. ನಮ್ಮ ಉತ್ತರ ಕನ್ನಡ, ಮಂಗಳೂರು ಕಡೆಯ ಎಷ್ಟೋ ಕೊಂಕಣಿ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಗೋವಾ ಬಿಟ್ಟು ಬಂದ ನೆನಪು ಹೇಳೋದು ಈ ಕಾಲದ್ದೇ. ಯುದ್ಧ, ತೆರಿಗೆ, ಬರಗಾಲ ಅಂತ ಬೇರೆ ಕಾರಣಗಳೂ ಇದ್ವು. ಪೀಠ ಕೊನೆಗೆ ಮುಚ್ಚಿದ್ದು 1812ರಲ್ಲಿ.

ಎರಡು ವರ್ಷದ ಹಿಂದೆ ಇದೇ ರಾಯಚೂರಿನಲ್ಲಿ ನಾನು ಬಾಡಿಗೆ ರೂಮು ಹುಡುಕ್ತಿದ್ದೆ. ಒಬ್ಬ ಯಜಮಾನರು ಬಾಗಿಲಲ್ಲೇ ನಿಲ್ಲಿಸಿ, ಹೆಸರು ಕೇಳೋಕೆ ಮೊದಲು, "ಅಡುಗಿ ಏನೇನ್ ಮಾಡ್ತೀರಿ?" ಅಂದ್ರು. ದನಿ ಬಹಳ ಮೃದುವಾಗಿತ್ತು. ಆಮೇಲೆ "ನೀವು ಯಾವ ಮಂದಿ?" ಅಂದ್ರು. ಇದನ್ನ ಇನ್‌ಕ್ವಿಸಿಶನ್ನಿಗೆ ಹೋಲಿಸಿದ್ರೆ ಕತರೀನಾಳಿಗೆ ಅವಮಾನ ಮಾಡಿದ ಹಾಗೆ. ರೂಮು ಸಿಗಲಿಲ್ಲ, ಅಷ್ಟೇ. ಇನ್ನೊಂದು ಓಣಿಯಲ್ಲಿ ಸಿಕ್ಕಿತು. ಆದ್ರೆ ಪ್ರಶ್ನೆಯ ಕ್ರಮ ನೋಡ್ರಿ. ಮೊದಲು ಒಲೆ, ಆಮೇಲೆ ರಕ್ತ, ಮನುಷ್ಯ ಕೊನೆಗೆ.

ಇದನ್ನ ಹೇಳಿದ್ರೆ ಕೆಲವರು ತಕ್ಷಣ, ಹಂಗಾದ್ರೆ ಜಾತಿ ಪ್ರಮಾಣಪತ್ರನೂ ರಕ್ತದ ಲೆಕ್ಕ ಅಲ್ವಾ, ಅದನ್ನೂ ತೆಗೀರಿ ಅಂತಾರೆ. ನಾನು ಒಪ್ಪೋದಿಲ್ಲ. ಟೊಲೆಡೊದ ಕಾಗದ ಮಂದಿಯನ್ನ ಕೆಲಸದಿಂದ ಹೊರಗಿಡೋಕೆ ಮಾಡಿದ್ದು. ದೇವದುರ್ಗದಲ್ಲಿ ಜೂನ್ ತಿಂಗಳು ನಾಡಕಚೇರಿ ಮುಂದೆ ನಿಲ್ಲೋ ಹುಡುಗಿ ತಗೊಳ್ಳೋ ಕಾಗದ ಆಕೆಯನ್ನ ಹಾಸ್ಟೆಲ್ ಒಳಗೆ, ಕಾಲೇಜು ಒಳಗೆ ಬಿಡೋಕೆ ಇರೋದು. ಎರಡೂ ಕಾಗದದ ಮೇಲೆ ವಂಶ ಬರೆದಿದೆ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸೋಮಾರಿತನ. ನಿಜವಾಗಿ ಇರುಸುಮುರುಸಾಗೋ ಪ್ರಶ್ನೆ ಬೇರೆ ಇದೆ, ಅದು ಮಾನ್ವಿ ಕಡೆ ಕ್ರೈಸ್ತರಾದ ದಲಿತ ಕುಟುಂಬಗಳದ್ದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದ್ರು. ಕ್ರೈಸ್ತರಾದ್ರೆ ಸರಕಾರದ ಪುಸ್ತಕದಲ್ಲಿ ಜಾತಿ ಹೋಯ್ತು. ಊರಿನ ಕಣ್ಣಲ್ಲಿ ಹೋಗಿರ್ತದಾ? ಕೇರಿ ಬದಲಾಗಿರ್ತದಾ? 'ಹೊಸ ಕ್ರೈಸ್ತ' ಅನ್ನೋ ಪದ ಓದಿದಾಗ ನನಗೆ ಮೊದಲು ಹೊಳೆದದ್ದು ಇವರೇ. ಲಿಸ್ಬನ್‌ನಲ್ಲಿ ಧರ್ಮ ಬದಲಾದ್ರೂ ರಕ್ತ ಬಿಡಲಿಲ್ಲ ಅಂತ ಶಿಕ್ಷೆ. ಇಲ್ಲಿ ಧರ್ಮ ಬದಲಾಯ್ತಲ್ಲ, ಇನ್ನು ನಿನಗೆ ಕಷ್ಟವೇ ಇಲ್ಲ ಅನ್ನೋ ಲೆಕ್ಕ.

ಕೊನೆಗೆ ಕೊಚ್ಚಿಗೆ ಹೋಗೋಣ, ಯಾಕಂದ್ರೆ ಅಲ್ಲಿಗೆ ಹೋಗದಿದ್ರೆ ಈ ಕಥೆ ತೀರಾ ಸಲೀಸಾಗ್ತದೆ. ಗಾರ್ಸಿಯಾ ಸತ್ತ 1568ರಲ್ಲೇ ಕೊಚ್ಚಿಯ ಮಟ್ಟಂಚೇರಿಯಲ್ಲಿ ಪರದೇಶಿ ಸಿನಗಾಗ್ ಕಟ್ಟಿದ್ರು, ರಾಜನ ಅರಮನೆಗೆ ಗೋಡೆ ಹಚ್ಚಿ. ಸ್ಪೇನ್, ಪೋರ್ಚುಗಲ್ ಬಿಟ್ಟು ಬಂದವರೂ ಆ ಸಮುದಾಯದಲ್ಲಿದ್ರು. ಗೋವಾದಲ್ಲಿ ಎಲುಬು ಸುಡೋ ಕಾಲಕ್ಕೆ ಕೊಚ್ಚಿಯ ರಾಜ ಜಾಗ ಕೊಟ್ಟ. 1662ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಹಚ್ಚಿದ್ರು, ಮುಂದಿನ ವರ್ಷ ಡಚ್ಚರು ಕೊಚ್ಚಿ ಹಿಡಿದ ಮೇಲೆ ಮತ್ತೆ ಎದ್ದಿತು. ಇವತ್ತೂ ನೋಡೋಕೆ ಹೋಗಬಹುದು. ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಮುಗಿಸೋರೇ ಹೆಚ್ಚು, ನಮ್ಮ ದೇಶ ಎಷ್ಟು ದೊಡ್ಡದು ಅಂತ. ದೊಡ್ಡದೇ.

ಆದ್ರೆ ಅದೇ 16ನೇ ಶತಮಾನದಲ್ಲಿ ಕೊಚ್ಚಿಯಿಂದ ಒಂದು ಪ್ರಶ್ನೆ ಸಮುದ್ರ ದಾಟಿ ಈಜಿಪ್ಟಿನ ದೊಡ್ಡ ರಬ್ಬಿ ಡೇವಿಡ್ ಬೆನ್ ಜಿಮ್ರಾನ ಮುಂದೆ ಹೋಯ್ತು. ಕೊಚ್ಚಿಯಲ್ಲಿ ಒಂದು ಗುಂಪು ಇನ್ನೊಂದು ಗುಂಪಿನ ಯಹೂದಿಗಳನ್ನ ಗುಲಾಮರ ವಂಶದವರು ಅಂತ ಕರೆದು, ಅವರೊಡನೆ ಹೆಣ್ಣು–ಗಂಡು ಕೊಟ್ಟು ತರೋದಿಲ್ಲ, ಇದು ಸರಿಯಾ? ರಬ್ಬಿ ಹೇಳಿದ್ದು: ಶಾಸ್ತ್ರದ ಪ್ರಕಾರ ಸ್ನಾನ ಮಾಡಿಸಿ, ಆಮೇಲೆ ಅವರೂ ನಿಮ್ಮವರೇ, ಮದುವೆ ಮಾಡ್ಕೊಳ್ರಿ. ತೀರ್ಪು ಬಂತು, ಮಂದಿ ಕೇಳಲಿಲ್ಲ. ಮುಂದೆ ನೂರಾರು ವರ್ಷ ಬಿಡುಗಡೆಯಾದ ಗುಲಾಮರ ಮಕ್ಕಳು, ಮೊಮ್ಮಕ್ಕಳು ಪರದೇಶಿ ಸಿನಗಾಗ್‌ನಲ್ಲಿ ಬೆಂಚಿನ ಮೇಲೆ ಕೂರೋ ಹಾಗಿರಲಿಲ್ಲ. ಹೊರಗಿನ ಅಂಕಣ, ಇಲ್ಲಾಂದ್ರೆ ನೆಲ. ರಕ್ತ ಶುದ್ಧ ಇಲ್ಲ ಅಂತ ಓಡಿಸಿಕೊಂಡು ಬಂದವರ ವಂಶದ ಸಿನಗಾಗ್‌ನಲ್ಲಿ, ರಕ್ತ ಶುದ್ಧ ಇಲ್ಲ ಅನ್ನೋ ಮಾತು.

ಕಷ್ಟ ಉಂಡವರು ಇನ್ನೊಬ್ಬರಿಗೆ ಕಷ್ಟ ಕೊಡೋದಿಲ್ಲ ಅಂತ ನಾವು ನಂಬ್ಕೊಂಡಿರ್ತೀವಿ. ಇತಿಹಾಸದಲ್ಲಿ ಅದಕ್ಕೆ ಆಧಾರ ಬಹಳ ಕಮ್ಮಿ. ನಮ್ಮ ಕಡೆಯೂ ಒಂದು ಕೇರಿಯವರು ಇನ್ನೊಂದು ಕೇರಿಯವರ ಮನೆ ನೀರು ಮುಟ್ಟದೇ ಇರೋದು ಗೊತ್ತಿಲ್ವಾ.

ಕೊಚ್ಚಿಯ ಆ ಬೆಂಚಿನ ಕಥೆಗೆ ಒಬ್ಬ ವಕೀಲ ಬರಬೇಕಾಯ್ತು. ಎ.ಬಿ. ಸೇಲಂ, ಹುಟ್ಟಿದ್ದು 1882ರಲ್ಲಿ, ಅದೇ ಬಿಡುಗಡೆಯಾದ ಗುಲಾಮರ ವಂಶದವರು. ಗಾಂಧೀಜಿಯಿಂದ ಸತ್ಯಾಗ್ರಹ ಕಲಿತು, ಅದನ್ನ ತಮ್ಮದೇ ಸಿನಗಾಗ್ ಒಳಗೆ ಹೂಡಿದ್ರು. ಪ್ರಾರ್ಥನೆಗೆ ಹೋಗೋದು, ಕೂರಬಾರದು ಅಂದ ಜಾಗದಲ್ಲಿ ಕೂರೋದು. ಮಕ್ಕಳನ್ನೂ ಕರ್ಕೊಂಡು ಹೋಗ್ತಿದ್ರು. ಒಂದೊಂದೇ ಕಟ್ಟುಪಾಡು ಸಡಿಲಾಯ್ತು. 1967ರಲ್ಲಿ ಅವರು ತೀರಿಕೊಳ್ಳೋ ಹೊತ್ತಿಗೆ ಕೊಚ್ಚಿಯ ಯಹೂದಿಗಳಲ್ಲಿ ಬಹುತೇಕರು ಇಸ್ರೇಲಿಗೆ ಹೊರಟುಹೋಗಿದ್ರು, ಬೆಂಚುಗಳು ಹೆಚ್ಚುಕಡಿಮೆ ಖಾಲಿ.